ಎಂಬತ್ತೇಳು ಟೇಪು

ತಾಲ್ಲೂಕು ಕಚೇರಿ ಕಾಂಪೌಂಡಿಗೆ ಬೆನ್ನು ಕೊಟ್ಟು
ಇಪ್ಪತ್ತೆರಡು ವರ್ಷದಿಂದ ಅರ್ಜಿ ಟೈಪು ಮಾಡುತ್ತಿದ್ದೇನೆ, ಅರಸೀಕೆರೆಯಲ್ಲಿ.
ನನ್ನ ಮಿಷನ್ನಿನಲ್ಲಿ ಮೊದಲು ಸವೆದದ್ದು ಬಕಾರ.
ಬೇಡಿಕೊಳ್ಳುತ್ತೇನೆ, ಬೇಡಿಕೊಳ್ಳುತ್ತೇನೆ
ಎಂದು ಹೊಡೆದೂ ಹೊಡೆದೂ.

ಅವತ್ತು ಸಾವಂತ್ರಮ್ಮ ಬಂದಳು.
ಕೊರಳಲ್ಲಿ ಟೇಪು, ಸೆರಗಿನಂಚಿಗೆ ಸೀಮೆಸುಣ್ಣದ ಪುಡಿ.
ಹಿಂದೆ ಮೊಟ್ಟೆ ಮಾರುವ ನಸೀಮಾ,
ಟೇಪಿನ ಇನ್ನೊಂದು ತುದಿ ಹಿಡಿದವಳು.

"ಬರ್ಕೊ ಟೈಪಣ್ಣ. ನಮ್ಮ ಬೀದಿ ಚರಂಡಿ
ಬಿಲ್ಲಿನಾಗೆ ಇನ್ನೂರ ಹನ್ನೆರಡು ಮೀಟರು. ನೆಲದ ಮ್ಯಾಲೆ..."
ಚೀಟಿ ಬಿಚ್ಚಿದಳು. ಅಳತೆ ಪುಸ್ತಕದ ಹಾಳೆ:
ಎದೆ ಮೂವತ್ತಾರು, ತೋಳು ಹತ್ತು,
ಅದರ ಕೆಳಗೆ, ಅದೇ ಪೆನ್ಸಿಲಿನಲ್ಲಿ,
ಚರಂಡಿ: ಟೇಪು ಎಂಬತ್ತೇಳು.

ಅರವತ್ತು ಇಂಚಿನ ಟೇಪು.
ಬೆಳಗಿನ ಜಾವ, ಮೊದಲ ರೈಲು ಕೂಗುವ ಮುಂಚೆ,
ಒಬ್ಬಳು ಕೂತು, ಒಬ್ಬಳು ಬಾಗಿ,
ಪ್ರತಿ ತುದಿಗೂ ಒಂದು ಸುಣ್ಣದ ಗೀಟು.
ಬೀದಿ ನಾಯಿಗಳು ಎಂಬತ್ತೇಳು ಸಲ ಮೂಸಿ ನೋಡಿದವಂತೆ.
ಗುಣಿಸಿದೆ. ನೂರ ಮೂವತ್ತೆರಡೂವರೆ ಮೀಟರು.
ಉಳಿದದ್ದು?
"ಅದು ಕಾಗದದ ಮ್ಯಾಲೆ ಹರೀತದೆ" ಅಂದಳು ನಸೀಮಾ,
"ಮಳೆ ಬಂದ್ರೆ ನನ್ನ ಅಡಿಗೆ ಮನೇಲಿ."

ಸಾವಂತ್ರಮ್ಮ ನಗಲಿಲ್ಲ.
"ಕಾಲು ಮೀಟರು ಬಟ್ಟೆ ಉಳಿಸ್ಕೊಂಡ್ಳು ಅಂತ
ನನ್ನ ಅಂಗಡಿ ಮುಂದೆ ನಿಂತು ಬೈದೋರು ಉಂಟು.
ಎಂಬತ್ತು ಮೀಟರು ಕಣಣ್ಣ.
ಅಷ್ಟು ಬಟ್ಟೆ ನಾನು ನುಂಗಿದ್ರೆ ಊರು ಸುಮ್ನಿರ್ತಿತ್ತಾ?"

ನಾನು ರೂಢಿಯಂತೆ ಶುರು ಮಾಡಿದೆ:
ಮಾನ್ಯರೇ, ತಾವು ದಯಮಾಡಿ ಕೃಪೆ ತೋರಿ...
"ಅದೇನು ಬರೀತಿದ್ದಿ, ಓದು."
ಓದಿದೆ.
"ಕೃಪೆ ತೆಗಿ. ಅದು ದೇವಸ್ಥಾನದ್ದು.
ದಯೆನೂ ತೆಗಿ. ಕಂದಾಯ ಕಟ್ಟೀನಿ, ರಸೀದಿ ಐತೆ."
"ಬೇಡಿಕೊಳ್ಳುತ್ತೇನೆ?"
"ಕೇಳ್ತೀನಿ ಅಂತ ಹಾಕು."

ಕೇಳುತ್ತೇನೆ.
ಎಷ್ಟು ಗಿಡ್ಡ ಪದ, ಸಾಲು ಅರ್ಧಕ್ಕೇ ಮುಗಿಯಿತು.
ನಮ್ಮ ಭಾಷೆಯಲ್ಲಿ ಪ್ರಶ್ನೆ ಹಾಕುವುದೂ ಕೇಳುವುದೇ,
ಕಿವಿ ಕೊಡುವುದೂ ಕೇಳುವುದೇ.
ಒಂದೇ ಪದವನ್ನು ಎರಡೂ ಕಡೆಯವರು
ಹಂಚಿಕೊಳ್ಳಬೇಕಿತ್ತು ಅನ್ನುವುದು
ಇಷ್ಟು ವರ್ಷ ನನ್ನ ಬೆರಳಿಗೆ ಹೊಳೆದಿರಲಿಲ್ಲ.

ಹತ್ತು ರೂಪಾಯಿ ಪೋಸ್ಟಲ್ ಆರ್ಡರು. ಮೂವತ್ತು ದಿನ.
ಮೂವತ್ತೊಂದನೇ ದಿನ ಉತ್ತರ: ಕಡತ ಲಭ್ಯವಿಲ್ಲ.
ಮೇಲ್ಮನವಿ. ಮತ್ತೆ ಮೂವತ್ತು.
ಕಡತ ಸಿಕ್ಕಿತು, ಅಳತೆ ಪುಸ್ತಕ ಸಿಗಲಿಲ್ಲ.
"ನಂದು ಕೊಡ್ಲಾ?" ಅಂದಳಂತೆ ಕೌಂಟರಿನಲ್ಲಿ.

ವಾರ್ಡ್ ಸಭೆಗೆ ಜೆಇ ಪ್ರಸನ್ನಕುಮಾರ ಬಂದರು,
ಸೊಂಟದಲ್ಲಿ ಸ್ಟೀಲಿನ ಟೇಪು.
ಬಟ್ಟೆ ಟೇಪು ಹಿಗ್ಗುತ್ತದೆ ಎಂದು ವಿವರಿಸಿದರು.
"ಹಿಗ್ಗಿದ್ರೆ ಸಲ ಕಮ್ಮಿ ಬರ್ತದೆ ಸ್ವಾಮಿ, ಒಪ್ಪಿದೆ.
ಹಂಗಾರೆ ನಿಮ್ದರಲ್ಲೇ ಅಳೀರಿ, ನಡೀರಿ" ಅಂದಳು.
ಶಾಲೆ ಬೆಂಚಿನಿಂದ ಒಬ್ಬೊಬ್ಬರೇ ಎದ್ದರು.
ಪಂಕ್ಚರ್ ಅಂಗಡಿಯ ಹುಡುಗ, ರಿಟೈರಾದ ಗ್ಯಾಂಗ್‌ಮನ್,
ಯಾವತ್ತೂ ಸಭೆಗೆ ಬಾರದ ಬೇಕರಿಯವರು.
ಸದಸ್ಯರಿಗೆ ಆ ಹೊತ್ತಿಗೆ ಫೋನು ಬಂತು.

ಗೆದ್ದರು ಎಂದು ಬರೆಯಲಾರೆ.
ಒಂದು ರಾತ್ರಿ ಇಪ್ಪತ್ತು ಮೀಟರು ಕಾಂಕ್ರೀಟು ಬಿತ್ತು,
ಉಳಿದದ್ದು ತನಿಖೆಯಲ್ಲಿದೆ.
ಮಳೆ ಗೀಟು ತೊಳೆದಾಗೆಲ್ಲ ಇಬ್ಬರೂ
ಮತ್ತೆ ಎಳೆದು ಬರುತ್ತಾರೆ.

ಹೋದ ವಾರ ಅವಳ ಅಂಗಡಿಗೆ ಹೋಗಿದ್ದೆ.
ಸದಸ್ಯರ ಹೆಂಡತಿಯ ರವಿಕೆ ಇಸ್ತ್ರಿಯಾಗಿ ಕೂತಿತ್ತು.
ಪಕ್ಕದಲ್ಲಿ, ಮಡಿಸಿ, ಗುಂಡುಪಿನ್ನು ಚುಚ್ಚಿ,
ಉಳಿದ ಬಟ್ಟೆ.
ಬೆರಳಗಲದ ಚೂರೂ ಸೇರಿ.